ಭಾನುವಾರದ ಓಟ, ಮಂಗಳವಾರದ ಫೋನ್: ಸಾಂಕ್ರಾಮಿಕ ಕಾಲದ ಒಂದು ಓಟ–ನಡಿಗೆ ಕ್ಲಬ್ಬಿನ ಪ್ರಕರಣ ಅಧ್ಯಯನ

ಕ್ಲಬ್ ದೊಡ್ಡದಲ್ಲ. 72 ಸದಸ್ಯರು, ಅದರಲ್ಲಿ 40 ಮಂದಿ ಓಡುವವರು, 32 ಮಂದಿ ನಡೆಯುವವರು. ನೋಡಿಕೊಳ್ಳಲು ಐದು ಜನರ ಸಮಿತಿ, ಸಂಬಳಕ್ಕಿರುವವರು ಯಾರೂ ಇಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಎಲ್ಲರೂ ಉದ್ಯಾನದ ಗೇಟಿನ ಮುಂದೆ ಸೇರುತ್ತಾರೆ, ವಾರದ ನಡುವೆ ಎರಡು ದಿನ ಸಣ್ಣ ಗುಂಪುಗಳು ತಮ್ಮಷ್ಟಕ್ಕೆ ಹೊರಡುತ್ತವೆ. 2020ರ ಮಾರ್ಚ್‌ನಲ್ಲಿ ಎಲ್ಲ ನಿಂತಿತು. ಸಣ್ಣ ಗುಂಪಿನಲ್ಲಿ ಹೊರಗೆ ವ್ಯಾಯಾಮ ಮಾಡಬಹುದು ಎಂದು ಸ್ಥಳೀಯ ಆಡಳಿತ ಹೇಳಿದ ಮೇಲೆ, ಆ ವರ್ಷದ ಕೊನೆಗೆ, ಸಾಮಾನ್ಯರಿಗೆ ಲಸಿಕೆ ಇನ್ನೂ ಸಿಗದ ದಿನಗಳಲ್ಲೇ ಕ್ಲಬ್ ಮತ್ತೆ ಶುರುವಾಯಿತು. ಶುರುವಾದ ಮೂರನೇ ಭಾನುವಾರ ಓಡಿದ ಒಬ್ಬರಿಗೆ ಮಂಗಳವಾರ ಸಂಜೆ ಕೋವಿಡ್ ಪಾಸಿಟಿವ್ ಎಂದು ವರದಿ ಬಂತು.

ಇದು ಯಾವುದೋ ಒಂದು ಊರಿನ ಕ್ಲಬ್ಬಿನ ದಾಖಲೆಯಲ್ಲ. ಇಂಥ ಕ್ಲಬ್‌ಗಳು ಎದುರಿಸುವ ಸಂದರ್ಭವನ್ನು ಒಂದೇ ಪ್ರಕರಣವಾಗಿ ಕಟ್ಟಿದ್ದು. ಸದಸ್ಯರ ಸಂಖ್ಯೆ, ಗಂಟೆ, ನಡೆದ ಘಟನೆಗಳು ಲೆಕ್ಕ ಹಾಕಿ ತೋರಿಸಲು ಇಟ್ಟುಕೊಂಡವು. ರೋಗದ ಬಗ್ಗೆ, ದೊಡ್ಡ ಓಟಗಳ ಬಗ್ಗೆ ಬರುವ ಅಂಕಿ ಮತ್ತು ದಿನಾಂಕಗಳು ನಿಜದವು. ಓಟ ಶುರುವಾಗುವ ಮೊದಲಿನ ಹತ್ತು ನಿಮಿಷ ಮತ್ತು ಮುಗಿದ ಮೇಲಿನ ಇಪ್ಪತ್ತು ನಿಮಿಷ, ಈ ಅರ್ಧ ಗಂಟೆಯ ಸುತ್ತಲೇ ಇಡೀ ಪ್ರಕರಣ ತಿರುಗುತ್ತದೆ. ಸೋಂಕಿಗೆ ದಾರಿ ಮಾಡಿಕೊಡಬಹುದಾಗಿದ್ದದ್ದೂ ಅದೇ, ಕ್ಲಬ್ಬನ್ನು ಕಟ್ಟಿಹಿಡಿದದ್ದೂ ಅದೇ. ಕಷ್ಟವೆಲ್ಲ ಬಂದದ್ದು ಅಲ್ಲಿಂದ.

ಗುರಿ ಕಳೆದುಕೊಂಡವರು, ಜೊತೆ ಕಳೆದುಕೊಂಡವರು

ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಸಾಂಕ್ರಾಮಿಕ ಎಂದದ್ದು 2020ರ ಮಾರ್ಚ್ 11ಕ್ಕೆ. ಮಾರ್ಚ್ 24ಕ್ಕೆ ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋಯಿತು. ಬಾಸ್ಟನ್ ಮ್ಯಾರಥಾನ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಸರಿದು, ಮೇ 28ಕ್ಕೆ ರದ್ದೇ ಆಯಿತು. 1897ರಲ್ಲಿ ಶುರುವಾದ ಆ ಓಟ 1918ರ ಯುದ್ಧದ ವರ್ಷದಲ್ಲೂ ಸೈನಿಕರ ರಿಲೇ ಆಗಿಯಾದರೂ ನಡೆದಿತ್ತು. ಲಂಡನ್ ಮ್ಯಾರಥಾನ್ ಅಕ್ಟೋಬರ್ 4ಕ್ಕೆ ಸೇಂಟ್ ಜೇಮ್ಸ್ ಪಾರ್ಕಿನ ಸುತ್ತ ನಡೆಯಿತು, ಆದರೆ ಅಗ್ರ ಓಟಗಾರರಿಗೆ ಮಾತ್ರ. ಉಳಿದವರು ತಾವಿದ್ದ ಕಡೆಯೇ 24 ಗಂಟೆಯೊಳಗೆ 42.2 ಕಿ.ಮೀ. ಮುಗಿಸಬೇಕಿತ್ತು. ಶನಿವಾರ ಶನಿವಾರ ನಡೆಯುವ ಐದು ಕಿಲೋಮೀಟರಿನ ಪಾರ್ಕ್‌ರನ್ ಮಾರ್ಚ್‌ನಲ್ಲಿ ನಿಂತದ್ದು, ಇಂಗ್ಲೆಂಡಿನಲ್ಲಿ ಮತ್ತೆ ಶುರುವಾದದ್ದು 2021ರ ಜುಲೈ 24ಕ್ಕೆ.

ಕ್ಲಬ್ಬಿನಲ್ಲಿ ಇದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳಲಿಲ್ಲ. ಓಡುವವರು ಕಳೆದುಕೊಂಡದ್ದು ಗುರಿಯನ್ನು. ಹೆಸರು ನೋಂದಾಯಿಸಿದ್ದ ಓಟ ರದ್ದಾಯಿತು, ಹದಿನಾರು ವಾರದ ತರಬೇತಿ ಪಟ್ಟಿ ಗೋಡೆಯ ಮೇಲೆ ಹಾಗೇ ಉಳಿಯಿತು. ಆದರೆ ಗುರಿಗೆ ಬದಲಿ ಬೇಗ ಸಿಗುತ್ತದೆ. ಫೋನಿನಲ್ಲಿ ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್, ಕೈಯಲ್ಲಿ ವಾಚು, ತಿಂಗಳಿಗೊಂದು ವರ್ಚುವಲ್ ಓಟ. ನಡೆಯುವವರಿಗೆ ಮೊದಲಿಂದಲೂ ಗುರಿಯೇನೂ ಇರಲಿಲ್ಲ. ಅವರು ಬರುತ್ತಿದ್ದದ್ದು ಜೊತೆಗೆ, ಮಾತಿಗೆ. ಅದಕ್ಕೆ ಆ್ಯಪ್ ಇಲ್ಲ.

ಸಮಿತಿಗೆ ಇದು ತಕ್ಷಣ ಹೊಳೆಯಲಿಲ್ಲ. ಎಲ್ಲ ಕ್ಲಬ್‌ಗಳಂತೆ ಇದೂ ತಿಂಗಳ ಕಿಲೋಮೀಟರ್ ಸ್ಪರ್ಧೆ ಇಟ್ಟಿತು. ಮೊದಲ ವಾರಕ್ಕೇ ಪಟ್ಟಿಯ ಮೇಲಿನ ಹತ್ತು ಹೆಸರೂ ಓಡುವವರದು. ದಿನಕ್ಕೆ ಒಂದು ಗಂಟೆ ನಡೆಯುವವರು ವಾರಕ್ಕೆ 35 ಕಿ.ಮೀ. ಸೇರಿಸಿದರೆ ಅಷ್ಟೇ ಹೊತ್ತು ಓಡುವವರು 70 ಸೇರಿಸುತ್ತಾರೆ. ಎರಡನೇ ವಾರಕ್ಕೆ ನಡೆಯುವವರು ಸಂಖ್ಯೆ ಕಳಿಸುವುದನ್ನೇ ಬಿಟ್ಟರು. ಎರಡನೇ ತೊಂದರೆ ಇನ್ನೂ ಕೆಟ್ಟದ್ದು: ಮೈಬಿಸಿ ಇದ್ದರೂ ಪಟ್ಟಿಯಲ್ಲಿ ಜಾಗ ಹೋಗಬಾರದೆಂದು ಓಡುವವರು ಇರುತ್ತಾರೆ.

ಸರಿಪಡಿಸಿದ್ದು ಸುಲಭದ ಮೂರು ಬದಲಾವಣೆಯಿಂದ. ಕಿಲೋಮೀಟರ್ ಬಿಟ್ಟು ನಿಮಿಷ ಎಣಿಸಿದರು. ದಿನಕ್ಕೆ 60 ನಿಮಿಷಕ್ಕಿಂತ ಹೆಚ್ಚು ಲೆಕ್ಕಕ್ಕಿಲ್ಲ ಎಂದರು. ವಾರಕ್ಕೆ ಎರಡು ದಿನದ ವಿಶ್ರಾಂತಿಗೆ ತಲಾ 30 ನಿಮಿಷ ಕೊಟ್ಟರು, ಹುಷಾರಿಲ್ಲ ಎಂದು ಬರೆದವರಿಗೂ ಅಷ್ಟೇ. ವಾರಕ್ಕೆ 150ರಿಂದ 300 ನಿಮಿಷ ಮುಟ್ಟಿದರೆ ಸಾಕು. ವಯಸ್ಕರಿಗೆ ಸಾಧಾರಣ ಶ್ರಮದ ವ್ಯಾಯಾಮ ಎಷ್ಟು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಹೇಳಿದ್ದೂ ಅದನ್ನೇ. ಪಟ್ಟಿಯಲ್ಲಿ ಮೇಲೆ–ಕೆಳಗೆ ಇಲ್ಲ, ಮುಟ್ಟಿದವರು, ಮುಟ್ಟದವರು ಅಷ್ಟೇ. ಓಡುವವರಲ್ಲಿ ಕೆಲವರು ಗೊಣಗಿದರು. ಗೊಣಗಲಿ, ಅವರ ವಾಚಿನಲ್ಲಿ ಅವರ ಕಿಲೋಮೀಟರ್ ಇದ್ದೇ ಇತ್ತು.

ವೇಳಾಪಟ್ಟಿಯಲ್ಲಿ ಅಡಗಿದ್ದ ಗದ್ದಲ

ಮತ್ತೆ ಶುರು ಮಾಡುವಾಗ ಬರುತ್ತೇವೆ ಎಂದವರು 48 ಮಂದಿ. ಲೀಡರ್ ಸೇರಿ ಆರು ಜನರ ಗುಂಪು, ಒಟ್ಟು ಎಂಟು ಗುಂಪು: ನಾಲ್ಕು ನಡಿಗೆಯದು, ನಾಲ್ಕು ಓಟದ್ದು. ಹತ್ತು ನಿಮಿಷಕ್ಕೊಂದರಂತೆ ಹೊರಡುವುದು. ನಡಿಗೆಯವರು 6.00, 6.10, 6.20, 6.30ಕ್ಕೆ, ಓಟದವರು 6.40ರಿಂದ 7.10ರವರೆಗೆ. ನಡಿಗೆಯವರನ್ನು ಮೊದಲು ಬಿಟ್ಟದ್ದು ಸರಿಯಾದ ತೀರ್ಮಾನ. ಕೊನೆಗೆ ಬಿಟ್ಟರೆ ಅವರು ವಾಪಸು ಬರುವಾಗ ಗೇಟಿನಲ್ಲಿ ಯಾರೂ ಇರುವುದಿಲ್ಲ, ಬಿದ್ದರೂ ಎದ್ದರೂ ಕೇಳುವವರಿಲ್ಲ.

ದೂರದ ಬದಲು ಸಮಯ ನೋಡಿ ತಿರುಗುವ ಪದ್ಧತಿ ಇಟ್ಟುಕೊಂಡರು: 25 ನಿಮಿಷ ಹೋಗುವುದು, 25 ನಿಮಿಷ ಬರುವುದು. ಇದು ಕ್ಲಬ್‌ಗಳ ಹಳೆಯ ಉಪಾಯ. ಮೊದಲು ಇದನ್ನು ಮಾಡುತ್ತಿದ್ದದ್ದು ವೇಗದವರೂ ನಿಧಾನದವರೂ ಒಟ್ಟಿಗೆ ವಾಪಸು ಬಂದು ಜೊತೆಗೆ ನಿಲ್ಲಲಿ ಎಂದು. ಈಗ ಅದೇ ಉಪಾಯ ಉಲ್ಟಾ ಕೆಲಸಕ್ಕೆ ಬಂತು. ಹೊರಡುವಾಗ ಹತ್ತು ನಿಮಿಷದ ಅಂತರ ಇದ್ದರೆ, ಯಾರ ವೇಗ ಎಷ್ಟೇ ಇರಲಿ, ವಾಪಸು ಬರುವಾಗಲೂ ಅಷ್ಟೇ ಅಂತರ ಉಳಿಯುತ್ತದೆ.

ಕಾಗದದ ಮೇಲೆ ಸರಿಯಿದ್ದದ್ದು ಮೊದಲ ಭಾನುವಾರ ಎರಡು ಕಡೆ ಕೈಕೊಟ್ಟಿತು. ಒಂದು, ಗೇಟಿನಲ್ಲಿ. 6.00ಕ್ಕೆ ಹೊರಟವರು 50 ನಿಮಿಷ ಮುಗಿಸಿ 6.50ಕ್ಕೆ ಗೇಟಿಗೆ ಬರುತ್ತಾರೆ. ಸರಿಯಾಗಿ ಅದೇ 6.50ಕ್ಕೆ ಎರಡನೇ ಓಟದ ಗುಂಪು ಹೊರಡಲು ನಿಂತಿರುತ್ತದೆ. ಏಳು ಗಂಟೆಗೂ ಹಾಗೇ, ಏಳೂ ಹತ್ತಕ್ಕೂ ಹಾಗೇ. ಆರು ಆರು ಸೇರಿ ಹನ್ನೆರಡು, ಬಂದವರು ನೀರು ಕುಡಿಯಲು ನಿಂತರೆ ಅದಕ್ಕೂ ಹೆಚ್ಚು.

ಇನ್ನೊಂದು ದಾರಿಯಲ್ಲಿ, ಮತ್ತು ಇದನ್ನು ಮೊದಲೇ ಲೆಕ್ಕ ಹಾಕದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ನಡಿಗೆಯವರ ವೇಗ ಕಿಲೋಮೀಟರಿಗೆ 12 ನಿಮಿಷ, ಓಟದವರದು 6 ನಿಮಿಷ. 6.40ಕ್ಕೆ ಹೊರಟ ಓಟದವರು 6.50ಕ್ಕೆ ಗೇಟಿನಿಂದ 1.67 ಕಿ.ಮೀ. ದೂರ ಇರುತ್ತಾರೆ. 6.30ಕ್ಕೆ ಹೊರಟ ನಡಿಗೆಯವರೂ 6.50ಕ್ಕೆ ಅಷ್ಟೇ ದೂರದಲ್ಲಿ ಮುಂದಕ್ಕೆ ಹೋಗುತ್ತಿರುತ್ತಾರೆ. 6.20ಕ್ಕೆ ಹೊರಟವರು 6.45ಕ್ಕೆ ತಿರುಗಿ, 6.50ಕ್ಕೆ ಅದೇ 1.67 ಕಿ.ಮೀ.ಯಲ್ಲಿ ಎದುರಿನಿಂದ ಬರುತ್ತಾರೆ. ಮೂರು ಗುಂಪು, ಹದಿನೆಂಟು ಜನ, ಒಂದೇ ಹೊತ್ತು, ಒಂದೇ ಜಾಗ. ಆ ಜಾಗ ಎರಡು ಪೊದೆಸಾಲಿನ ನಡುವಿನ ಕಿರುದಾರಿಯಾಗಿತ್ತು.

ಎರಡಕ್ಕೂ ಪರಿಹಾರ ಮುಂದಿನ ಭಾನುವಾರವೇ ಬಂತು. ತಿರುಗುವುದನ್ನು 25ರ ಬದಲು 22 ನಿಮಿಷ 30 ಸೆಕೆಂಡಿಗೆ ಇಟ್ಟರು. ಒಟ್ಟು 45 ನಿಮಿಷ ಆದ್ದರಿಂದ ಮೊದಲ ಗುಂಪು 6.45ಕ್ಕೆ ಬರುತ್ತದೆ, 6.40ರವರು ಹೋಗಿರುತ್ತಾರೆ, 6.50ರವರು ಇನ್ನೂ ಬಂದಿರುವುದಿಲ್ಲ. ಬರುವುದು ಹೊರಡುವುದರ ನಟ್ಟನಡುವೆ ಬೀಳುವಂತೆ ಒಟ್ಟು ಸಮಯ ಇಡುವುದು ಸೂತ್ರ: ಅಂತರ ಹತ್ತಾದರೆ ಒಟ್ಟು 35, 45 ಅಥವಾ 55; 40 ಅಥವಾ 50 ಇಟ್ಟರೆ ಗೇಟಿನಲ್ಲಿ ಡಿಕ್ಕಿ. ದಾರಿಯ ತೊಡಕಿಗೆ ಓಟದವರನ್ನು ಗೇಟಿನಿಂದ ಎಡಕ್ಕೆ, ನಡಿಗೆಯವರನ್ನು ಬಲಕ್ಕೆ ಕಳಿಸಿದರು. ಒಂದೇ ವೇಗದ ಗುಂಪುಗಳು ಎದುರುಬದುರಾಗುವುದು ಆಮೇಲೂ ಇತ್ತು, ಆದರೆ ಒಂದೇ ಸಾಲಿಗೆ ಬಂದು ದಾಟಿದರೆ ಕೆಲವೇ ಸೆಕೆಂಡಿನ ಮಾತು.

ಲೀಡರ್ ಕೈಚೀಲದಲ್ಲಿ ಏನಿರಬೇಕು ಎಂಬುದೂ ಬದಲಾಯಿತು: ಹತ್ತು ಮಾಸ್ಕ್, ನಾಲ್ಕು ಜೊತೆ ಕೈಗವಸು, ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಒಂದು ದೊಡ್ಡ ಬಟ್ಟೆ. ಬಟ್ಟೆ ಯಾಕೆಂದರೆ, ಯಾರಾದರೂ ಹೃದಯ ನಿಂತು ಕುಸಿದರೆ ಆ ದಿನಗಳ ಸಲಹೆ ಬಾಯಿಂದ ಬಾಯಿಗೆ ಉಸಿರು ಕೊಡುವುದು ಬೇಡ, ಬಿದ್ದವರ ಮೂಗು–ಬಾಯಿಯ ಮೇಲೆ ಬಟ್ಟೆ ಹಾಕಿ ಎದೆ ಒತ್ತುವುದನ್ನು ಮಾತ್ರ ನಿಲ್ಲಿಸದೆ ಮಾಡಿ ಎಂದಿತ್ತು. ಓಡುವಾಗ ಮಾಸ್ಕ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು: ಬೆವರಿಗೆ ಒದ್ದೆಯಾದರೆ ಉಸಿರು ಕಟ್ಟುತ್ತದೆ. ಹಾಗಾಗಿ ಗೇಟಿನಲ್ಲಿ ಮಾಸ್ಕ್, ಹೊರಟು 50 ಮೀಟರ್ ಆದ ಮೇಲೆ ಜೇಬಿಗೆ, ವಾಪಸು ಬರುವಾಗ ಮತ್ತೆ ಮುಖಕ್ಕೆ.

ಓಡುವಾಗಿನ ಅಂತರದ ಬಗ್ಗೆ ಆಗ ಬಹಳ ಗಲಾಟೆ ನಡೆದಿತ್ತು. 2020ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್–ಬೆಲ್ಜಿಯಂನ ಎಂಜಿನಿಯರುಗಳ ಒಂದು ಕಂಪ್ಯೂಟರ್ ಲೆಕ್ಕಾಚಾರ, ಓಡುವವರ ಹಿಂದೆಯೇ ಓಡಿದರೆ 10 ಮೀಟರ್, ಚುರುಕಾಗಿ ನಡೆಯುವವರ ಹಿಂದೆ 4–5 ಮೀಟರ್ ಬಿಡಬೇಕು ಎಂದಿತು. ತಜ್ಞರ ಪರಿಶೀಲನೆಗೆ ಮೊದಲೇ ಅದು ಊರೆಲ್ಲ ಸುತ್ತಿತು. ಅದು ತೋರಿಸಿದ್ದು ಹನಿಗಳು ಎಲ್ಲಿಗೆ ಹೋಗುತ್ತವೆ ಎಂದು. ಅದರಿಂದ ಎಷ್ಟು ಜನರಿಗೆ ರೋಗ ತಗಲುತ್ತದೆ ಎಂದಲ್ಲ. ಅದರಲ್ಲಿ ಬಳಕೆಗೆ ಬರುವ ಮಾತು ಒಂದಿತ್ತು: ಹಿಂದೆ ಹಿಂದೆ ಓಡುವುದಕ್ಕಿಂತ ಪಕ್ಕಕ್ಕೆ ಅಥವಾ ಓರೆಯಾಗಿ ಓಡುವುದು ಮೇಲು. ಕ್ಲಬ್ ಅಷ್ಟನ್ನು ತೆಗೆದುಕೊಂಡಿತು.

ಮಂಗಳವಾರ ಸಂಜೆ

ಸೋಂಕಿತ ಸದಸ್ಯರು 6.50ರ ಓಟದ ಗುಂಪಿನವರು. ಜ್ವರ ಕಂಡದ್ದು ಸೋಮವಾರ ಸಂಜೆ, ಪರೀಕ್ಷೆ ಮಂಗಳವಾರ. ಲಕ್ಷಣ ಕಾಣುವ ಎರಡು ದಿನ ಮೊದಲಿಂದಲೇ ಸೋಂಕು ಹರಡಬಹುದು ಎಂಬುದು ಲೆಕ್ಕ. ಸೋಮವಾರ ಸಂಜೆಯಿಂದ ಹಿಂದಕ್ಕೆ ಎರಡು ದಿನ ಎಂದರೆ ಶನಿವಾರ ಸಂಜೆ. ಭಾನುವಾರದ ಓಟ ಪೂರ್ತಿ ಅದರೊಳಗೆ ಬಿತ್ತು.

ಹಾಜರಿ ಗೂಗಲ್ ಫಾರ್ಮಿನಲ್ಲಿತ್ತು: ಹೆಸರು, ಫೋನು, ಗುಂಪಿನ ಸಮಯ, ಲಕ್ಷಣ ಇಲ್ಲ ಎಂಬ ಟಿಕ್. ಅದನ್ನು ನೋಡಿದರೆ ಕರೆ ಮಾಡಬೇಕಾದವರು ಐದೇ ಮಂದಿ. ಸಮಿತಿಯ ಒಬ್ಬರು ಸೋಂಕಿತರಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿದರು. ಯಾರ ಜೊತೆ, ಯಾವ ಗಾಡಿಯಲ್ಲಿ ಬಂದಿರಿ? ಓಟ ಮುಗಿದ ಮೇಲೆ ಎಲ್ಲಿ, ಯಾರ ಜೊತೆ ನಿಂತಿರಿ? ಬಾಟಲಿ, ಟವೆಲ್ ಯಾರ ಕೈಗಾದರೂ ಹೋಯಿತೇ? ಆಮೇಲೆ ಎಲ್ಲಾದರೂ ಒಳಗೆ ಕೂತಿರಾ?

ಉತ್ತರದಲ್ಲಿ ಪಟ್ಟಿ ಐದರಿಂದ ಹದಿನಾಲ್ಕಕ್ಕೆ ಏರಿತು. ಕಾರಿನಲ್ಲಿ ಇನ್ನಿಬ್ಬರಿದ್ದರು, 25 ನಿಮಿಷದ ದಾರಿ, ಚಳಿಗೆ ಕಿಟಕಿ ಏರಿಸಿತ್ತು. ಆ ಇಬ್ಬರಲ್ಲಿ ಒಬ್ಬರು ಅದೇ ಗುಂಪಿನವರು, ಇನ್ನೊಬ್ಬರು ನಡಿಗೆಯವರು. ನಡಿಗೆಯವರ ಹೆಸರು ಫಾರ್ಮಿನಲ್ಲಿ ಬೇರೆಯೇ ಗುಂಪಿನಲ್ಲಿತ್ತು. ಇನ್ನು ಓಟದ ನಂತರ. ಸ್ಟ್ರೆಚಿಂಗಿಗೆ ಎಂದು ಸುತ್ತ ನಿಂತವರು ಸುಮಾರು ಕಾಲು ಗಂಟೆ ಅಲ್ಲೇ ಇದ್ದರು. ಯಾರ್ಯಾರು ಎಂದು ಸೋಂಕಿತರಿಗೆ ಪೂರ್ತಿ ನೆನಪಿರಲಿಲ್ಲ. ಪತ್ತೆಯಾದದ್ದು ಕ್ಲಬ್ಬಿನ ವಾಟ್ಸ್‌ಆ್ಯಪ್ ಗುಂಪಿನಿಂದ. ಅಲ್ಲಿ ಅವತ್ತಿನ ಫೋಟೊ ಇತ್ತು: ಹೆಗಲಿಗೆ ಹೆಗಲು, ಮಾಸ್ಕ್ ಗಲ್ಲದ ಕೆಳಗೆ, ಸೋಂಕಿತರನ್ನು ಬಿಟ್ಟು ಹದಿಮೂರು ಮುಖ. ಗುಂಪಿನ ಐವರೂ ಅದರಲ್ಲಿದ್ದರು, ಉಳಿದ ಎಂಟು ಮಂದಿ ಬೇರೆ ಗುಂಪುಗಳವರು. ಫೋಟೊದಲ್ಲಿಲ್ಲದ ಒಬ್ಬರು ಎಂದರೆ ಕಾರಿನಲ್ಲಿ ಬಂದಿದ್ದ ನಡಿಗೆಯವರೇ. ನಡಿಗೆ ಮೊದಲೇ ಮುಗಿಸಿ ಅವರು ಕಾರಿನಲ್ಲಿ ಕೂತು ಕಾಯುತ್ತಿದ್ದರು.

ನಿಕಟ ಸಂಪರ್ಕ ಎಂದರೆ ಏನು ಎಂಬುದಕ್ಕೆ ಆಗ ಚಾಲ್ತಿಯಲ್ಲಿದ್ದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವ್ಯಾಖ್ಯೆ: ಆರು ಅಡಿಯೊಳಗೆ, 24 ಗಂಟೆಯಲ್ಲಿ ಒಟ್ಟು 15 ನಿಮಿಷ ಅಥವಾ ಹೆಚ್ಚು. ಇದಕ್ಕೆ ಹಿಡಿದು ನೋಡಿದರೆ ಕಾರು ಮೊದಲು, ಸ್ಟ್ರೆಚಿಂಗ್ ಎರಡನೆಯದು, ಓಟ ಕೊನೆಗೆ. ಗಾಳಿಯಾಡದ ಜಾಗದ ಬಗ್ಗೆ ಆ ಹೊತ್ತಿಗೆ ಅನುಮಾನ ಉಳಿದಿರಲಿಲ್ಲ. 2020ರ ಮಾರ್ಚ್ 10ಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ವೃಂದಗಾನದ ಅಭ್ಯಾಸಕ್ಕೆ ಸೇರಿದ್ದ 61 ಮಂದಿಯಲ್ಲಿ 53 ಮಂದಿಗೆ ಸೋಂಕು ತಗಲಿತ್ತು ಅಥವಾ ತಗಲಿರುವ ಸಂಭವವಿತ್ತು. ಎರಡೂವರೆ ಗಂಟೆ, ಒಳಗೆ, ಜೋರು ಉಸಿರು. ಓಟದಲ್ಲೂ ಉಸಿರು ಜೋರೇ. ಕೂತಾಗ ನಿಮಿಷಕ್ಕೆ 5–8 ಲೀಟರ್ ಗಾಳಿ ಎಳೆಯುವವರು ಗಟ್ಟಿಯಾಗಿ ಓಡುವಾಗ 60–100 ಲೀಟರ್ ಎಳೆಯುತ್ತಾರೆ. ವ್ಯತ್ಯಾಸ ಏನೆಂದರೆ ಹೊರಗೆ ಆ ಗಾಳಿ ನಿಲ್ಲುವುದಿಲ್ಲ.

ಕರೆ ಮೊದಲು, ಸಂದೇಶ ಆಮೇಲೆ. ಕಾರಿನವರಿಗೆ ಮೊದಲ ಕರೆ. ಎತ್ತಿದವರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: "ಯಾರ್ರೀ ಅದು?" ಅದಕ್ಕೆ ಕೊಡಬೇಕಾದ ಉತ್ತರವನ್ನು ಕರೆ ಮಾಡುವವರು ಮೊದಲೇ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಬಾಯಿ ತಪ್ಪುತ್ತದೆ. ಕಾರಿನವರಿಗೆ ಮುಚ್ಚಿಡಲು ಆಗುವುದಿಲ್ಲ, ಹೇಳದಿದ್ದರೂ ಗೊತ್ತಾಗುತ್ತದೆ. ಆದ್ದರಿಂದ ಸೋಂಕಿತರಿಂದಲೇ ಅವರಿಬ್ಬರಿಗೆ ಹೇಳಿಸಿದರು. ಉಳಿದವರಿಗೆ ಹೋದ ಸಂದೇಶ ಹೀಗಿತ್ತು:

"ನಮಸ್ಕಾರ. ಭಾನುವಾರ ಬೆಳಿಗ್ಗೆ ನೀವಿದ್ದ ಜಾಗದಲ್ಲಿದ್ದ ಒಬ್ಬರಿಗೆ ಕೋವಿಡ್ ಪಾಸಿಟಿವ್ ಬಂದಿದೆ. ನೀವು ಅವರ ಹತ್ತಿರ ನಿಂತಿದ್ದಿರಿ. ಇವತ್ತಿನಿಂದ ಮನೆಯಲ್ಲೇ ಇರಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿರಿ. ಲಕ್ಷಣ ಇದ್ದರೆ ಈಗಲೇ, ಇಲ್ಲದಿದ್ದರೆ ಶುಕ್ರವಾರದ ನಂತರ ಪರೀಕ್ಷೆ ಮಾಡಿಸಿ. ಎಷ್ಟು ದಿನ ಮನೆಯಲ್ಲಿರಬೇಕು ಎಂಬುದು ಆರೋಗ್ಯ ಇಲಾಖೆಯ ತೀರ್ಮಾನ. ಹೆಸರು ಕೇಳಬೇಡಿ. ನೋಡಿದ್ದಕ್ಕೆ 'ನೋಡಿದೆ' ಎಂದು ಉತ್ತರಿಸಿ."

ಶುಕ್ರವಾರ ಯಾಕೆ? ಸಂಪರ್ಕದ ದಿನ ಭಾನುವಾರ, ಅದು ಸೊನ್ನೆಯ ದಿನ. ಆಗಿನ ತಳಿಯಲ್ಲಿ ಸೋಂಕು ತಗಲಿದವರಿಗೆ ಲಕ್ಷಣ ಕಾಣುತ್ತಿದ್ದದ್ದು ಸರಾಸರಿ ಐದನೇ ದಿನದ ಹೊತ್ತಿಗೆ, ವ್ಯಾಪ್ತಿ ಎರಡರಿಂದ ಹದಿನಾಲ್ಕು ದಿನ. ಬುಧವಾರವೇ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಅದು ಏನನ್ನೂ ಹೇಳುವುದಿಲ್ಲ, ಆದರೆ ಜನ ಅದನ್ನೇ ಬಿಡುಗಡೆ ಪತ್ರ ಎಂದುಕೊಂಡು ಹೊರಗೆ ಓಡಾಡುತ್ತಾರೆ. ಸಂದೇಶದಲ್ಲಿ ದಿನದ ಹೆಸರು ಬರೆದದ್ದು ಅದಕ್ಕೇ. "ಐದು ದಿನದ ನಂತರ" ಎಂದು ಬರೆದರೆ ಒಬ್ಬರು ಭಾನುವಾರದಿಂದ ಎಣಿಸುತ್ತಾರೆ, ಇನ್ನೊಬ್ಬರು ಸಂದೇಶ ಬಂದ ದಿನದಿಂದ.

ಸಮಿತಿ ಎಡವಿದ್ದು ದೊಡ್ಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಹದಿನಾಲ್ಕು ಮಂದಿಗೆ ಕರೆ ಹೋಗುವಷ್ಟರಲ್ಲಿ ಅಲ್ಲಿ ಊಹೆ ಶುರುವಾಗಿತ್ತು. ಒಬ್ಬರು ತಪ್ಪು ಹೆಸರು ಬರೆದರು. ಆ ಹೆಸರಿನವರಿಗೆ ಬರೀ ನೆಗಡಿಯೂ ಇರಲಿಲ್ಲ. ಮುಂದಿನ ಸಲಕ್ಕೆ ನಿಯಮ ಆಯಿತು: ಮೊದಲ ಕರೆ ಮಾಡುವ ಮುಂಚೆಯೇ ಗುಂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಮಾಡುವುದು, 24 ಗಂಟೆ ಹಾಗೇ ಇಡುವುದು, "ಒಂದು ಪ್ರಕರಣ ಇದೆ, ಸಂಬಂಧಪಟ್ಟವರಿಗೆ ತಿಳಿಸಿದ್ದೇವೆ, ಕರೆ ಬಾರದವರು ಎಂದಿನಂತೆ ಇರಿ" ಎಂದು ಒಂದೇ ಸಾಲು ಹಾಕುವುದು. ಆ ಕೊನೆಯ ತುಣುಕು ಮುಖ್ಯ. ಅದಿಲ್ಲದಿದ್ದರೆ ಎಪ್ಪತ್ತು ಮಂದಿಯೂ ಫೋನ್ ಮಾಡುತ್ತಾರೆ.

ಕಾರಿನಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೆ, ನಡಿಗೆಯವರಿಗೆ, ಗುರುವಾರ ಜ್ವರ ಬಂತು, ಪಾಸಿಟಿವ್. ಉಳಿದ ಹದಿಮೂರು ಮಂದಿಗೆ ಏನೂ ಆಗಲಿಲ್ಲ. ಒಂದು ಪ್ರಕರಣದಿಂದ ಏನೂ ಸಾಬೀತಾಗುವುದಿಲ್ಲ. ಬೇರೆ ಭಾನುವಾರ ಫೋಟೊದವರಿಗೂ ತಗಲಬಹುದಿತ್ತು. ಆದರೆ ಫಾರ್ಮು ಹಿಡಿಯಬೇಕಾದದ್ದನ್ನು ಹಿಡಿದಿರಲಿಲ್ಲ ಎಂಬುದಂತೂ ಖಚಿತ. ಅದಕ್ಕೆ ಎರಡು ಕಾಲಂ ಸೇರಿತು: ಯಾವ ಗಾಡಿಯಲ್ಲಿ, ಯಾರ ಜೊತೆ ಬಂದಿರಿ; ಎಷ್ಟು ಗಂಟೆಗೆ ಗೇಟು ಬಿಟ್ಟಿರಿ. ಎರಡನೆಯದನ್ನು ಮನೆ ಮುಟ್ಟಿದ ಮೇಲೆ ತುಂಬಬೇಕು. ಬೇರೆ ಮನೆಯವರು ಒಂದೇ ಕಾರಿನಲ್ಲಿ ಬರುವುದಾದರೆ ಇಬ್ಬರಿಗಿಂತ ಹೆಚ್ಚಿಲ್ಲ, ಒಬ್ಬರು ಹಿಂದಿನ ಸೀಟಿನಲ್ಲಿ ಓರೆಗೆ, ಮಾಸ್ಕ್ ಇರಬೇಕು, ಎದುರುಬದುರಿನ ಎರಡು ಕಿಟಕಿ ತೆರೆದಿರಬೇಕು. ಹಾಜರಿಯನ್ನು 21 ದಿನ ಇಟ್ಟು ಅಳಿಸಿಬಿಡಬೇಕು. ಊರಿನವರ ಓಡಾಟದ ಪಟ್ಟಿ ಯಾರದೋ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಕೂತಿರುವುದು ಸರಿಯಲ್ಲ.

ಗುಣವಾದ ಮೇಲೆ ಓಡುವುದು

ಓಡುವವರಿಗೆ ಹೇಳಲು ಅತಿ ಕಷ್ಟವಾದ ಮಾತು "ಇನ್ನೂ ಬೇಡ". ಸೋಂಕಿತರು ಹನ್ನೆರಡನೇ ದಿನಕ್ಕೆ ಆರು ಕಿಲೋಮೀಟರ್ ಓಡಿ, ಹದಿಮೂರನೇ ದಿನ ಚೆನ್ನಾಗಿದ್ದು, ಹದಿನಾಲ್ಕನೇ ದಿನ ಹಾಸಿಗೆ ಹಿಡಿದರು. ಸುಸ್ತು ಅದೇ ದಿನ ಬರುವುದಿಲ್ಲ, 24ರಿಂದ 48 ಗಂಟೆ ತಡವಾಗಿ ಬರುತ್ತದೆ. ಮೋಸ ಹೋಗುವುದು ಅಲ್ಲೇ. ಎಣಿಸುವುದರಲ್ಲೂ ತಪ್ಪಿತ್ತು. ದಿನಗಳನ್ನು ವರದಿ ಬಂದ ದಿನದಿಂದ ಎಣಿಸಿದ್ದರು. ಎಣಿಸಬೇಕಾದದ್ದು ಕೊನೆಯ ಲಕ್ಷಣ ಹೋದ ದಿನದಿಂದ.

2021ರ ಜನವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸಲಹೆಯನ್ನು ಕ್ಲಬ್ ಒಂದು ಹಾಳೆಗೆ ಇಳಿಸಿತು. ಲಕ್ಷಣವೆಲ್ಲ ಹೋಗಿ ಏಳು ದಿನ ಆಗುವವರೆಗೆ ಏನೂ ಬೇಡ. ಆಮೇಲಿನ ಎರಡು ವಾರ ತೀರಾ ಹಗುರ. ಶ್ರಮವನ್ನು ಅಳೆಯುವುದು ವಾಚಿನಿಂದಲ್ಲ, 6ರಿಂದ 20ರವರೆಗಿನ ಬೋರ್ಗ್ ಮಾಪಕದಿಂದ. 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನು ಆಗದು. ಮೊದಲ ವಾರ 6–8: ಉಸಿರಾಟದ ಅಭ್ಯಾಸ, ಮೈ ಸಡಿಲಿಸುವುದು, ನಿಧಾನದ ನಡಿಗೆ. ಎರಡನೇ ವಾರ 11 ದಾಟದಂತೆ, ಪೂರ್ತಿ ಮಾತಾಡಿಕೊಂಡು ಹೋಗುವಷ್ಟು ನಡಿಗೆ. ಮೂರನೇ ವಾರ 12–14: ಐದು ನಿಮಿಷದ ಎರಡು ತುಂಡು ಚುರುಕು ನಡಿಗೆ ಅಥವಾ ಜಾಗಿಂಗ್, ನಡುವೆ ವಿಶ್ರಾಂತಿ; ಚೆನ್ನಾಗಿದ್ದರೆ ದಿನಕ್ಕೊಂದು ತುಂಡು ಸೇರಿಸುವುದು. ನಾಲ್ಕನೇ ವಾರವೂ ಅದೇ ಶ್ರಮ, ಎರಡು ದಿನ ಅಭ್ಯಾಸಕ್ಕೆ ಒಂದು ದಿನ ಬಿಡುವು. ಐದನೆಯದರಲ್ಲಿ ಹಳೆಯ ಅಭ್ಯಾಸಕ್ಕೆ ಮರಳುವುದು. ಪ್ರತಿ ಹಂತಕ್ಕೂ ಏಳು ದಿನ ಕನಿಷ್ಠ. ಮರುದಿನ, ಅದರ ಮರುದಿನ ಸುಸ್ತು ಕಂಡರೆ ಹಿಂದಿನ ಹಂತಕ್ಕೆ. ಎದೆನೋವು, ಎದೆಬಡಿತ ತಪ್ಪುವುದು, ತಲೆಸುತ್ತು, ಹಿಂದೆಂದೂ ಇಲ್ಲದ ಏದುಸಿರು ಕಂಡರೆ ಹಾಳೆ ಬದಿಗಿಟ್ಟು ವೈದ್ಯರ ಹತ್ತಿರ. ಹೃದಯದ ಸ್ನಾಯು ಊದಿಕೊಂಡದ್ದು ಪತ್ತೆಯಾದರೆ ಮೂರರಿಂದ ಆರು ತಿಂಗಳು ಶ್ರಮದ ವ್ಯಾಯಾಮ ಇಲ್ಲ.

ಸೋಂಕೇ ಬಾರದವರಿಗೂ ಒಂದು ತೊಡಕಿತ್ತು. ತಿಂಗಳುಗಟ್ಟಲೆ ಬಿಟ್ಟವರು ಮೂರ್ನಾಲ್ಕು ವಾರದಲ್ಲಿ ಉಸಿರು ಹಿಡಿತಕ್ಕೆ ಬಂತೆಂದು ಹಳೆಯ ದೂರಕ್ಕೆ ಹೋದರು. ಹೃದಯ, ರಕ್ತ ಬೇಗ ಹೊಂದಿಕೊಳ್ಳುತ್ತವೆ. ಹಿಮ್ಮಡಿಯ ಸ್ನಾಯುರಜ್ಜು, ಮೊಣಕಾಲ ಕೆಳಗಿನ ಮೂಳೆ ನಿಧಾನ. ಹಳೆಯ ಹೊತ್ತಿನ ಅರ್ಧದಿಂದ, ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆಯಿಂದ ಶುರು ಮಾಡಿ ಎಂದದ್ದನ್ನು ಕೇಳಿದವರು ಕಡಿಮೆ.

ಬಾರದವರು

ಎರಡು ತಿಂಗಳ ಹಾಜರಿ ಒಟ್ಟಿಗೆ ಇಟ್ಟು ನೋಡಿದಾಗ ನಿಜವಾದ ನಷ್ಟ ಕಂಡಿತು. ಓಡುವ 40ರಲ್ಲಿ ಪೂರ್ತಿ ಬಿಟ್ಟವರು ಮೂವರು. ನಡೆಯುವ 32ರಲ್ಲಿ ಹದಿಮೂರು. ಯಾರೂ ರಾಜೀನಾಮೆ ಕೊಡಲಿಲ್ಲ, ದೂರಲಿಲ್ಲ. ಫಾರ್ಮ್ ತುಂಬುವುದನ್ನು ನಿಲ್ಲಿಸಿದರು ಅಷ್ಟೇ. ಸಮಿತಿಯವರೆಲ್ಲ ಓಡುವವರೇ ಆಗಿದ್ದರಿಂದ ಅದು ಕಣ್ಣಿಗೆ ಬೀಳುವುದೂ ತಡವಾಯಿತು.

ಮೂರು ಕಾರಣ ಕೇಳಿಬಂತು. ಕೆಲವರಿಗೆ ಭಯ, ವಯಸ್ಸಿಗೆ ತಕ್ಕ ಭಯ. ಅದಕ್ಕೆ ಕ್ಲಬ್ ಮಾಡಬೇಕಾದದ್ದು ಏನೂ ಇರಲಿಲ್ಲ. ಕೆಲವರಿಗೆ ಫಾರ್ಮೇ ಅಡ್ಡಿ: ಹಿಂದಿನ ರಾತ್ರಿ ಎಂಟರೊಳಗೆ ಫೋನಿನಲ್ಲಿ ತುಂಬಬೇಕು, ಆರು ಜಾಗ ಭರ್ತಿಯಾದರೆ ಆ ಗುಂಪು ಮುಚ್ಚುತ್ತದೆ, ಬೆರಳು ಚುರುಕಾದವರಿಗೆ ಮೊದಲು ಸಿಗುತ್ತದೆ. ಉಳಿದವರು ಹೇಳಿದ್ದು ಇನ್ನೊಂದು. ಯಾವಾಗಲೂ ಜೊತೆಗೆ ನಡೆಯುತ್ತಿದ್ದ ಇಬ್ಬರನ್ನು ಫಾರ್ಮು ಬೇರೆ ಬೇರೆ ಗುಂಪಿಗೆ ಹಾಕಿತ್ತು, ಮುಗಿದ ಕೂಡಲೇ ಹೊರಡಿ ಎಂದು ಲೀಡರ್ ಹೇಳುತ್ತಿದ್ದರು. ಹಾಗಾದರೆ ಬಂದು ಏನು ಮಾಡುವುದು? ಒಬ್ಬರೇ ನಡೆಯಲು ಮನೆ ಮುಂದಿನ ರಸ್ತೆ ಸಾಲದೇ?

ಈ ಪ್ರಶ್ನೆ ನ್ಯಾಯದ್ದು. ಸ್ಟ್ರೆಚಿಂಗ್ ಸುತ್ತು, ಫೋಟೊ, ಹರಟೆ ಕತ್ತರಿಸಿದ್ದು ಸರಿ. ಅದರ ಜಾಗಕ್ಕೆ ಏನೂ ಇಡದೆ ಬಿಟ್ಟದ್ದು ಸರಿಯಲ್ಲ. ಆಮೇಲೆ ಮಾಡಿದ್ದು ಇಷ್ಟು. ನಡಿಗೆಯ ಗುಂಪನ್ನು ಫಾರ್ಮಿನಿಂದ ತೆಗೆದು ಖಾಯಂ ಮಾಡಿದರು. ಯಾರ ಜೊತೆ ಬೇಕೋ ಅವರೇ ಆರಿಸಿಕೊಂಡ ಆರು ಜನ, ವಾರ ವಾರ ಅದೇ ಆರು. ಸೋಂಕಿನ ಲೆಕ್ಕದಲ್ಲೂ ಇದೇ ಒಳ್ಳೆಯದು, ಪ್ರತಿ ವಾರ ಬೇರೆ ಬೇರೆ ಐವರ ಜೊತೆ ಬೆರೆಯುವುದಕ್ಕಿಂತ. ಬಾರದಿದ್ದರೆ ತಿಳಿಸುವುದು ಫಾರ್ಮಿನಲ್ಲಲ್ಲ, ಲೀಡರಿಗೆ ಫೋನ್ ಮಾಡಿ. ಆ ಫೋನು ಬಾರದಿದ್ದರೆ ಲೀಡರೇ ಅವತ್ತು ಸಂಜೆ ಮಾಡುವುದು. ಗುಂಪಿನೊಳಗೆ ಇಬ್ಬಿಬ್ಬರ ಜೋಡಿ, ವಾರದ ನಡುವೆ ಒಂದು ದಿನ ಇಬ್ಬರೂ ತಮ್ಮ ತಮ್ಮ ರಸ್ತೆಯಲ್ಲಿ ಅದೇ ಹೊತ್ತಿಗೆ ಫೋನಿನಲ್ಲಿ ಮಾತಾಡಿಕೊಂಡು ಅರ್ಧ ಗಂಟೆ ನಡೆಯುವುದು. ಇಯರ್‌ಫೋನ್ ಒಂದೇ ಕಿವಿಗೆ, ರಸ್ತೆಯ ಸದ್ದು ಕೇಳಬೇಕು. ಮಾತು ಮುಗಿಯದವರು ಅರ್ಧ ಗಂಟೆಯನ್ನು ಮುಕ್ಕಾಲು ಮಾಡಿಕೊಂಡರು.

ಹದಿಮೂರರಲ್ಲಿ ಎಂಟು ಮಂದಿ ಹೀಗೆ ಮರಳಿದರು. ನಡೆಯುವವರಿಬ್ಬರನ್ನು ಸಮಿತಿಗೆ ಸೇರಿಸಿಕೊಂಡದ್ದು ಇದೇ ಹೊತ್ತಿಗೆ, ಅದು ಮೊದಲೇ ಆಗಬೇಕಿದ್ದ ಕೆಲಸ.

ಎರಡನೇ ಸಲ ಮುಚ್ಚಿದಾಗ

2021ರಲ್ಲಿ ಡೆಲ್ಟಾ ಅಲೆಗೆ ಮತ್ತೆ ಬಾಗಿಲು ಹಾಕಬೇಕಾಯಿತು. ಈ ಸಲ ಸಮಿತಿಗೆ ಮಾಡಲು ಹೆಚ್ಚೇನೂ ಇರಲಿಲ್ಲ. ಭಾನುವಾರ ನಿಂತಿತು, ಜೋಡಿಗಳ ಫೋನ್ ನಡಿಗೆ ನಿಲ್ಲಲಿಲ್ಲ; ಲೀಡರುಗಳ ಸಂಜೆಯ ಕರೆ ವಾರಕ್ಕೊಂದರಿಂದ ಎರಡಾಯಿತು. ಸದಸ್ಯತ್ವದ ಹಣದ ಬಗ್ಗೆ ವಾದ ಎದ್ದಾಗ, ಮುಚ್ಚಿದ್ದ ತಿಂಗಳಷ್ಟನ್ನು ಅವಧಿಗೆ ಸೇರಿಸಿಕೊಟ್ಟು ಮುಗಿಸಿದರು. ಒಮಿಕ್ರಾನ್ ಬಂದ ಮೇಲೆ ಲಕ್ಷಣ ಮೂರನೇ ದಿನದ ಆಸುಪಾಸಿಗೇ ಕಾಣತೊಡಗಿತು, ಹಲವು ಕಡೆ ಐಸೊಲೇಷನ್ ದಿನಗಳನ್ನೂ ಕಡಿಮೆ ಮಾಡಿದರು; ಸಂದೇಶದಲ್ಲಿ ವಾರದ ಹೆಸರು ಬದಲಾಯಿತು, ಉಳಿದದ್ದು ಹಾಗೇ ಇತ್ತು.

2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತು ಎಂದ ಹೊತ್ತಿಗೆ ಗಾಡಿಯ ಕಾಲಂ ಫಾರ್ಮಿನಲ್ಲಿ ಇರಲಿಲ್ಲ, ಫಾರ್ಮೂ ಇರಲಿಲ್ಲ. ಸ್ಟ್ರೆಚಿಂಗ್ ಸುತ್ತು, ಫೋಟೊ ಎರಡೂ ಮರಳಿದ್ದವು. ಖಾಯಂ ಆರರ ಗುಂಪು ಉಳಿಯಿತು, ಬಾರದವರಿಗೆ ಅವತ್ತೇ ಸಂಜೆ ಕರೆ ಮಾಡುವುದು ಉಳಿಯಿತು, ಹುಷಾರಿಲ್ಲದವರು ಮನೆಯಲ್ಲಿರಬೇಕು ಎಂಬ ನಿಯಮ ಉಳಿಯಿತು. ಹೊರಡುವುದು ಮತ್ತೆ ಎಲ್ಲರೂ ಒಟ್ಟಿಗೆ, ಆರು ಗಂಟೆಗೆ. ತಿರುಗುವುದು ಮಾತ್ರ ಇವತ್ತಿಗೂ 22 ನಿಮಿಷ 30 ಸೆಕೆಂಡಿಗೆ. ಹೊಸದಾಗಿ ಸೇರಿದವರು ಇದೇನು ವಿಚಿತ್ರ ಸಂಖ್ಯೆ ಎಂದು ಕೇಳುತ್ತಾರೆ. 25 ಮಾಡೋಣ ಎಂದು ಓಡುವವರು ಎರಡು ಸಲ ಕೇಳಿ ನೋಡಿದ್ದಾರೆ, ನಡಿಗೆಯವರು ಒಪ್ಪಿಲ್ಲ.